ಮೋರಿ ಮುಟ್ಟದ ನಡಿಗೆ

ಶಿವನಂಜಪ್ಪನವರ ಮನೆತನದ ಗಂಡಸರಿಗೆ ಅರವತ್ತು ತುಂಬುವುದಿಲ್ಲ. ಇದು ಸರಗೂರಿನಿಂದ ಕಾಟ್ಟಿಕುಳಂವರೆಗೆ ನೆಂಟರಿಷ್ಟರಿಗೆಲ್ಲ ಗೊತ್ತಿದ್ದ ಸಂಗತಿ. ಅಪ್ಪ ಐವತ್ತೆಂಟಕ್ಕೆ ಹೋದರು, ಚಿಕ್ಕಪ್ಪ ಐವತ್ತೊಂಬತ್ತಕ್ಕೆ. ಅಣ್ಣ ದೇವಯ್ಯನವರಿಗಂತೂ ಅರವತ್ತು ತುಂಬಲು ಇಪ್ಪತ್ತೇ ದಿನ ಬಾಕಿ ಇತ್ತು; ಅಷ್ಟಕ್ಕೂ ಅವರಿಗೆ ತಾಳ್ಮೆ ಸಾಲಲಿಲ್ಲ.

"ಬಾವಲಿ ಚೆಕ್‌ಪೋಸ್ಟ್‌ನಲ್ಲಿ ಪರ್ಮಿಟ್ ಇಲ್ದಿರ ಲಾರಿ ತಡೀತಾರಲ್ಲ, ಹಂಗೆ ನಮ್ಮನ್ನ ಅರವತ್ತರ ಗೇಟ್‌ನಲ್ಲಿ ತಡ್ದುಬುಡ್ತಾರೆ ಕಣಮ್ಮಿ" ಎಂದು ಶಿವನಂಜಪ್ಪನವರು ಹೆಂಡತಿ ಸರೋಜಮ್ಮನ ಮುಂದೆ ನಗುತ್ತಿದ್ದರು. ಸರೋಜಮ್ಮ ನಗುತ್ತಿರಲಿಲ್ಲ. ಕೇರಳದಲ್ಲಿ ಅವರಿದ್ದ ಜಿಲ್ಲೆ ಹೊಸದಾಗಿ ಹುಟ್ಟಿ, ಅದಕ್ಕೆ ಒಂದು ವರ್ಷ ತುಂಬಿದ ಕಾಲ ಅದು. ಅದೇ ಕಾರ್ತಿಕದ ಎರಡನೇ ಸೋಮವಾರ ಗಂಡನಿಗೆ ಐವತ್ತೊಂಬತ್ತು ತುಂಬಿತ್ತು. ಜಿಲ್ಲೆಗೆ ಎರಡನೇ ವರ್ಷ ತುಂಬುವುದನ್ನು ಈ ಮನುಷ್ಯ ನೋಡುತ್ತಾರೋ ಇಲ್ಲವೋ ಎಂಬುದೊಂದೇ ಆಕೆಯ ಚಿಂತೆ.

ಚಿಂತೆಗೆ ಕಾರಣವೂ ಇತ್ತು. ಕಾಟ್ಟಿಕುಳಂನ ಅವರ ಮನೆ ರಸ್ತೆಯಿಂದ ಮೇಲೆ, ದಿಬ್ಬದ ಮೇಲಿತ್ತು. ಕೆಳಗಿನ ರಸ್ತೆಗೆ ಮೂವತ್ತೆಂಟು ಕೆಂಪುಕಲ್ಲಿನ ಮೆಟ್ಟಿಲು. ಕೆಳಗೆ ಜಂಕ್ಷನ್ನಿನಲ್ಲಿ ಅವರ ಜಿನಸಿ ಅಂಗಡಿ. ಬೆಳಿಗ್ಗೆ ಏಳಕ್ಕೆ ಹೋಗಿ ಗಾದಿಯ ಮೇಲೆ ಕೂತರೆ ಕತ್ತಲಾದ ಮೇಲೇ ಏಳುವುದು. ಊಟ ಕೆಳಗೇ ಹೋಗುತ್ತಿತ್ತು. ಬೆಲ್ಲ ಎಡಗೈಗೆ, ಹೊಗೆಸೊಪ್ಪು ಬಲಗೈಗೆ, ಉಪ್ಪಿನ ಮೂಟೆ ಕಾಲ ಬಳಿಗೆ, ಹೀಗೆ ಸಾಮಾನೆಲ್ಲ ಸುತ್ತ ಜೋಡಿಸಿಟ್ಟುಕೊಂಡು, ಸೀಮೆಎಣ್ಣೆ ಡಬ್ಬವನ್ನು ಕೂಡ ಕೋಲಿನಿಂದ ಎಳೆದುಕೊಳ್ಳುವಷ್ಟು ಜಾಣತನ ಬೆಳೆಸಿಕೊಂಡಿದ್ದರು. ಸಂಜೆ ಮನೆಗೆ ಬರುವಾಗ ಇಪ್ಪತ್ತನೇ ಮೆಟ್ಟಿಲಿನಲ್ಲಿ ಕೂತುಬಿಡುತ್ತಿದ್ದರು. ಏನು ಎಂದರೆ ಕಾಫಿಗಿಡ ನೋಡುತ್ತಿದ್ದೇನೆ ಎನ್ನುವರು. ಕಾಣದ ಕಾಫಿಗಿಡವನ್ನು ಕತ್ತಲೆಯಲ್ಲಿ ಅಷ್ಟು ಹೊತ್ತು ನೋಡುವುದೇನಿದೆ?

ಸರೋಜಮ್ಮ ಬಿಡಲಿಲ್ಲ. ಮಾನಂದವಾಡಿಗೆ ಎಳೆದುಕೊಂಡು ಹೋಗಿ ಡಾಕ್ಟರ್ ಮೀನಾಕ್ಷಿಯ ಮುಂದೆ ಕೂರಿಸಿದಳು. ಡಾಕ್ಟರು ಸಣ್ಣ ವಯಸ್ಸಿನವರು, ಮಾತು ಚುಟುಕು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು, ತೂಕ ನೋಡಿದರು, ಒಂದು ಮಾತ್ರೆ ಬರೆದರು. ಆಮೇಲೆ ಮಲೆಯಾಳದಲ್ಲಿ, "ಮಾತ್ರೆ ಅರ್ಧ ಔಷಧ. ಇನ್ನರ್ಧ ನಿಮ್ಮ ಕಾಲಲ್ಲಿದೆ. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ನಡೆಯಿರಿ. ಮೂರು ತಿಂಗಳು ಬಿಟ್ಟು ಬಂದು ತೋರಿಸಿ" ಎಂದರು.

"ಇಪ್ಪತ್ತು ನಿಮಿಷ ನಡುದ್ರೆ ಅರವತ್ತು ದಾಟ್ತಾರಾ?" ಎಂದು ಸರೋಜಮ್ಮ ನೇರವಾಗಿ ಕೇಳಿಬಿಟ್ಟಳು.

"ವರ್ಷ ಬರೆದುಕೊಡೋದು ನನ್ನ ಕೈಲಿಲ್ಲ ಚೇಚಿ. ಆದರೆ ಕೂತೇ ಇರುವವರಿಗಿಂತ ದಿನಾ ಸ್ವಲ್ಪ ನಡೆಯುವವರು ಹೆಚ್ಚು ಕಾಲ ಬಾಳುತ್ತಾರೆ. ಬಾಳಿದಷ್ಟು ದಿನ ಚೆನ್ನಾಗಿಯೂ ಬಾಳುತ್ತಾರೆ."

ಚೇಚಿ ಎಂದು ಅಕ್ಕನಂತೆ ಕರೆದು ಹೇಳಿದ ಅಷ್ಟೇ ಮಾತು ಸಾಕಾಯಿತು ಸರೋಜಮ್ಮನಿಗೆ. ಮಾನಂದವಾಡಿಯ ಪೇಟೆಯಲ್ಲೇ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಕೊಡಿಸಿದಳು. ಮನೆಯ ಹಿಂದಿನ ತೋಟದಲ್ಲಿ ನಡೆಯೋಣವೆಂದರೆ ಮುಂಜಾನೆ ಆನೆಯ ಕಾಟ. ಹಾಗಾಗಿ ರಸ್ತೆಯೇ ಗತಿ. ಜಂಕ್ಷನ್ ದಾಟಿ ಮಾನಂದವಾಡಿ ರಸ್ತೆಯ ಮೋರಿಯವರೆಗೆ ಹೋಗಿ ಬಂದರೆ ಸರಿಯಾಗಿ ಇಪ್ಪತ್ತು ನಿಮಿಷ ಎಂದು ಲೆಕ್ಕ ಹಾಕಿದ್ದೂ ಆಯಿತು.

ಸೌದೆ ಹೊರೆ ತಂದು ಹಾಕಲು ಬಂದ ಕೆಂಪಿಗೆ ಈ ಸುದ್ದಿ ಕೇಳಿ ನಗು ತಡೆಯಲಾಗಲಿಲ್ಲ. ಕಾಡಂಚಿನ ಹಾಡಿಯ ಮುದುಕಿ. ವಯಸ್ಸೆಷ್ಟು ಎಂದರೆ ಅವಳಿಗೂ ಗೊತ್ತಿಲ್ಲ, ಹಾಡಿಯಲ್ಲಿ ಯಾರಿಗೂ ಗೊತ್ತಿಲ್ಲ. "ಅವ್ವಾ, ನಡಿಯಾಕೂ ಡಾಕ್ಟ್ರು ಹೇಳ್ಬೇಕಾ? ಬರಿಗೈಲಿ ಯಾಕೆ ನಡೀಬೇಕು ಸಾವ್ಕಾರ್ರು, ನನ್ ಜೊತೆ ಕಳ್ಸು, ಒಂದು ಹೊರೆ ಸೌದೇನಾದ್ರೂ ಬತ್ತದೆ" ಎಂದಳು. ಸರೋಜಮ್ಮ ಗದರಿಸಿ ಕಾಫಿ ಕೊಟ್ಟಳು.

ಮೊದಲ ದಿನ ಬೆಳಿಗ್ಗೆ ಆರು ಗಂಟೆ. ಹಣೆಗೆ ವಿಭೂತಿ, ಸೊಂಟಕ್ಕೆ ಪಂಚೆ, ಕಾಲಿಗೆ ಬಿಳಿ ಶೂ. ಶಿವನಂಜಪ್ಪನವರು ಮದುವೆಗೆ ಹೊರಟ ಗಂಡಿನ ಹಾಗೆ ಮೆಟ್ಟಿಲಿಳಿದರು. ಮೆಟ್ಟಿಲ ಬುಡದ ಎದುರಿಗೇ ಮಾಧವನ್‌ನ ಚಹಾದಂಗಡಿ. ಅವನು ಲೋಟದಿಂದ ಲೋಟಕ್ಕೆ ಚಹಾ ಎತ್ತಿ ಹೊಯ್ಯುತ್ತಿದ್ದವನು ಇವರನ್ನು ಕಂಡು ಪ್ರೀತಿಯಿಂದ ಕೂಗಿದ:

"ಮುದಲಾಳೀ, ಎವಿಡೇಕ್ಕಾ?"

ಸಾಹುಕಾರರೇ, ಎಲ್ಲಿಗೆ ಎಂದರ್ಥ. ಶಿವನಂಜಪ್ಪನವರು ನಿಂತಲ್ಲೇ ನಿಂತರು. ತುಟಿ ಪಿಟಕ್ಕೆನ್ನದೆ ತಿರುಗಿ ಮೂವತ್ತೆಂಟು ಮೆಟ್ಟಿಲೂ ಹತ್ತಿ ಮನೆಗೆ ಬಂದರು.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಅವರ ಹುಟ್ಟೂರು ಸರಗೂರಿನ ಕಡೆ ಇದು ಚಿಕ್ಕ ಮಕ್ಕಳಿಗೂ ಗೊತ್ತು. ತಿಳಿಯಲೇಬೇಕಿದ್ದರೆ "ದೂರ ಹೊಂಟ್ರಾ?" ಎಂದು ಸುತ್ತಿ ಬಳಸಿ ಕೇಳಬೇಕು. ಯಾರಾದರೂ ಬಾಯಿತಪ್ಪಿ ಕೇಳಿಬಿಟ್ಟರೆ, ಹೊರಟವನು ಮನೆಗೆ ಮರಳಿ, ಒಂದು ಗಳಿಗೆ ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಅಣ್ಣ ದೇವಯ್ಯ ಮೈಸೂರಿಗೆ ಹೊರಟ ದಿನ ಯಾರೋ ಹೀಗೆ ಕೇಳಿದ್ದರು. "ಬಸ್ಸು ತಪ್ತದೆ" ಎಂದು ನಕ್ಕು ಅವರು ಮುಂದೆ ಹೋದರು. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅದಾದ ಮೇಲೆ ಈ ಮನೆಯಲ್ಲಿ ಆ ಮಾತಿನ ಬಗ್ಗೆ ತಮಾಷೆ ಇಲ್ಲ.

ಮಲೆಯಾಳಿಗಳ ರೀತಿ ಇದಕ್ಕೆ ತದ್ವಿರುದ್ಧ. ಅವರಿಗೆ ಎಲ್ಲಿಗೆ ಎಂದು ಕೇಳುವುದೇ ನಮಸ್ಕಾರ, ಅದೇ ಕ್ಷೇಮಸಮಾಚಾರ. ಕೇಳದಿದ್ದರೆ ಮುನಿಸಿಕೊಂಡಿದ್ದಾರೆ ಎಂದು ತಿಳಿಯಬೇಕು. ಇಷ್ಟು ವರ್ಷ ಈ ತೊಡಕು ಬಂದಿರಲಿಲ್ಲ ಏಕೆಂದರೆ ಶಿವನಂಜಪ್ಪನವರು ಹೋಗುವುದೆಲ್ಲಿಗೆ ಎಂದು ಇಡೀ ಊರಿಗೆ ಗೊತ್ತಿತ್ತು, ಅಂಗಡಿಗೆ. ಗೊತ್ತಿದ್ದುದನ್ನು ಯಾರು ಕೇಳುತ್ತಾರೆ? ಈಗ ಬೆಳಗಿನ ಆರು ಗಂಟೆಗೆ, ಬಿಳಿ ಶೂ ಹಾಕಿಕೊಂಡು, ಅಂಗಡಿಯನ್ನು ದಾಟಿ ಹೋಗುವ ಮುದಲಾಳಿಯನ್ನು ಕೇಳದಿರುವುದು ಯಾರಿಂದ ಸಾಧ್ಯ?

ನೀರು ಕುಡಿದು ಮತ್ತೆ ಇಳಿದರು. ಹಾಲಿನ ಕ್ಯಾನು ಹಿಡಿದು ಬರುತ್ತಿದ್ದ ಕುಞ್ಞಮ್ಮ ಕೇಳಿದಳು. ಹತ್ತಿ ಬಂದರು. ಮತ್ತೆ ಇಳಿದರು. ಬಸ್ಸಿಗೆ ಕಾದಿದ್ದವರು ಕೇಳಿದರು. ಹತ್ತಿ ಬಂದರು. ಇನ್ನೊಮ್ಮೆ ಇಳಿದು, ಯಾರ ಕಣ್ಣಿಗೂ ಬೀಳದೆ ಜಂಕ್ಷನ್ ದಾಟಿಯೇಬಿಟ್ಟರು ಎನ್ನುವಾಗ, ಕುಟ್ಟ ಕಡೆಯ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡೇ "ಎವಿಡೇಕ್ಕಾ?" ಎಂದು ಕೂಗಿ ಹೋದ. ಅಷ್ಟರಲ್ಲಿ ಏಳು ಗಂಟೆಯಾಯಿತು, ಅಂಗಡಿ ತೆರೆಯುವ ಹೊತ್ತು. ಮೋರಿ ಅಲ್ಲೇ ಇತ್ತು, ಇವರು ಇಲ್ಲೇ.

ಎರಡನೇ ದಿನವೂ ಅದೇ. ಮೂರನೇ ದಿನವೂ ಅದೇ. ಆರು ಸಲ, ಏಳು ಸಲ, ಒಂದು ಸಂತೆಯ ದಿನ ಒಂಬತ್ತು ಸಲ. ಸರೋಜಮ್ಮ ಜಗಲಿಯ ಮೇಲೆ ನೀರಿನ ಚೊಂಬು ಇಟ್ಟುಕೊಂಡೇ ಕೂತಿರುತ್ತಿದ್ದಳು.

"ಕೇಳ್ಬ್ಯಾಡಿ ಅಂತ ಒಂದ್ ಮಾತು ಹೇಳ್ಬುಡಿ ಅವ್ರಿಗೆ" ಎಂದಳು.

"ಹೆಂಗೆ ಹೇಳದು? ನಿನ್ ಬಾಯಿ ಅಪಶಕುನ ಅಂತ ಮಾಧವನ್‌ಗೆ ಹೇಳಾಕಾಯ್ತದಾ? ಮೂವತ್ತು ವರ್ಷದ ಸ್ನೇಹ. ಊರ ಬಾಯಿಗೆ ಬೀಗ ಹಾಕಾಕಾಗಲ್ಲ ಬುಡು. ಹಣೇಲಿ ಬರೆದಂಗಾಯ್ತದೆ" ಎಂದು ಅವರು ನಾಲ್ಕನೇ ಸಲ ಮೆಟ್ಟಿಲಿಳಿದರು.

ಹೀಗೇ ಎರಡೂವರೆ ತಿಂಗಳು ಕಳೆಯಿತು. ಡಾಕ್ಟರು ಹೇಳಿದ ನಡಿಗೆ ಒಂದೇ ಒಂದು ದಿನ ಪೂರ್ತಿಯಾಗಿರಲಿಲ್ಲ. ಮೇಲಾಗಿ ಗಂಡನ ಅಂಗಿಗಳು ಸಡಿಲವಾಗತೊಡಗಿದವು. ಪಂಚೆಯ ಮೇಲೆ ಬೆಲ್ಟನ್ನು ಎರಡು ತೂತು ಹಿಂದಕ್ಕೆ ಬಿಗಿಯಬೇಕಾಯಿತು. ಕೆನ್ನೆ ಇಳಿಯಿತು. ದೇವಯ್ಯ ಭಾವನವರೂ ಕೊನೆಯ ವರ್ಷ ಇಳಿದುಹೋಗಿದ್ದು ಸರೋಜಮ್ಮನಿಗೆ ನೆನಪಾಗಿ ಅನ್ನ ಸೇರದಾಯಿತು. ಕೆಂಪಿ ಒಂದು ದಿನ ಹೊರೆ ಇಳಿಸುತ್ತಾ, "ಸಾವ್ಕಾರ್ರು ಈಗ ಮೆಟ್ಲಲ್ಲಿ ಕೂರದು ಬುಟ್ಬುಟ್ಟವ್ರೆ ಅಲ್ವಾ ಅವ್ವಾ" ಎಂದಳು. "ಕೂರಾಕೆ ಮನ್ಸಿಗೆ ಸಮಾಧಾನ ಇರ್ಬೇಕಲ್ಲ" ಎಂದು ಸರೋಜಮ್ಮ ಕಣ್ಣೊರೆಸಿಕೊಂಡಳು.

ಕೊನೆಗೆ ಆಕೆಯೇ ಗಟ್ಟಿ ಮನಸ್ಸು ಮಾಡಿದಳು. ಗಂಡ ಅಂಗಡಿಯಲ್ಲಿದ್ದಾಗ ಕುಞ್ಞಮ್ಮನ ಹಿತ್ತಲಿಗೆ ಹೋದಳು, ಮಾಧವನ್‌ನ ಅಂಗಡಿಯ ಹಿಂಬಾಗಿಲಿಗೆ ಹೋದಳು, ಬಸ್ ಸ್ಟಾಪಿನಲ್ಲಿ ದಿನವೂ ನಿಲ್ಲುವವರಿಗೆಲ್ಲ ಕೈಮುಗಿದು ಹೇಳಿದಳು. ನಮ್ಮ ಕಡೆ ಹೀಗೊಂದು ನಂಬಿಕೆ ಇದೆ, ಬೇಸರ ಮಾಡಿಕೊಳ್ಳಬೇಡಿ, ಅವರಿಗೆ ನಾನು ಹೇಳಿದ್ದು ತಿಳಿಯಬಾರದು. ಮಾಧವನ್‌ನ ಮುಖ ಸಣ್ಣದಾಯಿತು.

"ಕೇಳದೇ ಇದ್ರೆ ಮತ್ತೆ ನಾನು ಏನು ಹೇಳೋದು ಚೇಚೀ?"

"ಏನೂ ಹೇಳ್ಬ್ಯಾಡಪ್ಪ. ಸುಮ್ಕಿರು."

ಸುಮ್ಮನಿರು ಎಂದರೆ ಮಲೆಯಾಳಿ ಎಷ್ಟು ಸುಮ್ಮನಿರಬಲ್ಲ ಎಂಬುದು ಸರೋಜಮ್ಮನಿಗೆ ಮರುದಿನ ತಿಳಿಯಿತು. ಮುದಲಾಳಿ ಮೆಟ್ಟಿಲಿಳಿಯುತ್ತಲೇ ಮಾಧವನ್ ಬೆನ್ನು ತಿರುಗಿಸಿ ಇದ್ದಲ ಒಲೆಯನ್ನು ಊದತೊಡಗಿದ. ಕುಞ್ಞಮ್ಮ ಕ್ಯಾನಿನೊಳಗೆ ನೊಣ ಬಿದ್ದಂತೆ ಬಗ್ಗಿ ನೋಡುತ್ತ ಹೋದಳು. ಬಸ್ ಸ್ಟಾಪಿನವರೆಲ್ಲ ಒಟ್ಟಿಗೆ ಆಕಾಶ ನೋಡಿದರು. ಕಂಡಕ್ಟರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಎಲ್ಲಿ ಬಾಯಿ ಜಾರುತ್ತದೋ ಎಂಬ ಭಯದಲ್ಲಿ ಯಾರೂ ನಗಲೂ ಇಲ್ಲ. ಶಿವನಂಜಪ್ಪನವರು ಮೊದಲ ಸಲಕ್ಕೇ ಮೋರಿ ಮುಟ್ಟಿ, ಹದಿನೆಂಟು ನಿಮಿಷಕ್ಕೆ ಮನೆಗೆ ಬಂದರು.

ಸರೋಜಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಶಿವನಂಜಪ್ಪನವರಿಗೆ ಮಾತ್ರ ಅದು ತಲುಪಲಿಲ್ಲ. ಮೂರನೇ ದಿನ ಜಗಲಿಯಲ್ಲಿ ಕೂತು ಶೂ ಬಿಚ್ಚುತ್ತಾ, "ಡಾಕ್ಟ್ರಮ್ಮ ಊರಿಗೆಲ್ಲ ಹೇಳ್ಬುಟ್ಟವ್ಳೆ ಕಣಮ್ಮಿ" ಎಂದರು.

"ಏನಂತ?"

"ಇವ್ನು ಹೆಚ್ಚು ದಿನ ಇಲ್ಲ ಅಂತ. ಯಾರೂ ನನ್ ಮುಖ ನೋಡ್ತಾ ಇಲ್ಲ. ಮಾಧವನ್ ಬೆನ್ನು ತಿರುಗಿಸ್ಕತಾನೆ. ಸಾಯೋನ್ನ ಎಲ್ಲಿಗೆ ಅಂತ ಯಾರು ಕೇಳ್ತಾರೆ? ಎಲ್ರಿಗೂ ಗೊತ್ತಲ್ಲ!"

ಸರೋಜಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದಳು. ಮತ್ತೆ ನಡಿಗೆ ಕೆಟ್ಟೀತೆಂದು ಮುಚ್ಚಿಕೊಂಡಳು. ಅದೇ ತಪ್ಪಾಯಿತು. ನಾಲ್ಕನೇ ದಿನ ಅವರು ನಡೆಯಲು ಹೋಗಲಿಲ್ಲ. ಐದನೇ ದಿನ ಅಂಗಡಿಯನ್ನೂ ತೆರೆಯಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿ, ವೆಳ್ಳಮುಂಡಕ್ಕೆ ಮದುವೆ ಮಾಡಿಕೊಟ್ಟ ಮಗಳನ್ನು ಒಮ್ಮೆ ಕರೆಸು ಎಂದರು. ಸರೋಜಮ್ಮ, ಬೆಕ್ಕನ್ನು ಓಡಿಸಲು ಹೋಗಿ ಮನೆಗೆ ಹುಲಿಯನ್ನು ಕರೆದುಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡು, ಗಂಡನನ್ನು ಎಬ್ಬಿಸಿ, ಮಾನಂದವಾಡಿಯ ಬಸ್ಸು ಹತ್ತಿಸಿದಳು.

ಡಾಕ್ಟರ್ ಮೀನಾಕ್ಷಿ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದರು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ನೋಡಿದರು. ಆ ಪೆಟ್ಟಿಗೆಯೇ ಕೆಟ್ಟಿದೆಯೇನೋ ಎಂದು ಪಕ್ಕದ ಕೋಣೆಯಿಂದ ಬೇರೊಂದನ್ನು ತರಿಸಿ ಮತ್ತೆ ನೋಡಿದರು. ಪ್ರತಿ ಸಲಕ್ಕೂ ಸರೋಜಮ್ಮನ ಎದೆ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಆಮೇಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಆರು ಕಿಲೋ ಇಳಿದಿದ್ದೀರಿ" ಎಂದರು.

"ನೋಡ್ದಾ?" ಎಂದರು ಶಿವನಂಜಪ್ಪನವರು ಹೆಂಡತಿಗೆ. "ಕರಗ್ತಾ ಇದೀನಿ."

"ಒತ್ತಡ ಚೆನ್ನಾಗಿ ಇಳಿದಿದೆ. ಉಸಿರೂ ಸಲೀಸಾಗಿದೆ. ನಾನು ಇಪ್ಪತ್ತು ನಿಮಿಷ ಹೇಳಿದ್ದೆ, ನೀವು ಅದಕ್ಕಿಂತ ಹೆಚ್ಚೇ ಮಾಡಿದ್ದೀರಿ. ದಿನಾ ಎಲ್ಲಿಯವರೆಗೆ ನಡೆಯುತ್ತೀರಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸರೋಜಮ್ಮನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿಬಿಟ್ಟಳು. ನಡೆದೇ ಇಲ್ಲ, ಮೋರಿ ಮುಟ್ಟಿದ್ದೇ ಮೂರು ದಿನ, ಯಾರಾದರೂ ಎಲ್ಲಿಗೆ ಎಂದರೆ ವಾಪಸು, ಕೂತು ನೀರು, ಮತ್ತೆ ಹೊರಡು, ಮತ್ತೆ ವಾಪಸು. ಕೊನೆಗೆ ತಾನೇ ಊರವರ ಬಾಯಿ ಮುಚ್ಚಿಸಿದ್ದು. ಶಿವನಂಜಪ್ಪನವರು ಕೂತಲ್ಲೇ ಸೆಟೆದರು.

"ನೀನಾ? ನೀನು ಮುಚ್ಚಿಸಿದ್ದಾ ಮಾಧವನ್ ಬಾಯ್ನ?"

ಡಾಕ್ಟರು ಅವರ ಕಡೆ ನೋಡಲೇ ಇಲ್ಲ. "ಮನೆಗೆ ಎಷ್ಟು ಮೆಟ್ಟಿಲು ಚೇಚಿ?"

"ಮೂವತ್ತೆಂಟು."

"ದಿನಕ್ಕೆ ಎಷ್ಟು ಸಲ?"

"ಆರು. ಏಳು. ಸಂತೆ ದಿನ ಒಂಬತ್ತು."

ಡಾಕ್ಟರು ಚೀಟಿಯ ಹಿಂದೆ ಬರೆದು ಗುಣಿಸಿದರು. ಏಳು ಸಲಕ್ಕೆ ಇನ್ನೂರ ಅರವತ್ತಾರು ಮೆಟ್ಟಿಲು ಹತ್ತುವುದು, ಅಷ್ಟೇ ಇಳಿಯುವುದು, ನಡುವೆ ಕೂತು ನೀರು. ಪೆನ್ನು ಕೆಳಗಿಟ್ಟು ನಗತೊಡಗಿದರು. ಚುಟುಕು ಮಾತಿನ ಡಾಕ್ಟರು ನಗುವಿನಲ್ಲಿ ಮಾತ್ರ ಜಿಪುಣರಲ್ಲ. ಹೊರಗೆ ಕಾದಿದ್ದ ರೋಗಿಗಳು ಬಾಗಿಲಲ್ಲಿ ಇಣುಕಿದರು. "ಇಷ್ಟು ನಾನು ಬರೆದುಕೊಟ್ಟಿದ್ದರೆ ನೀವು ಮಾಡುತ್ತಿರಲಿಲ್ಲ" ಎಂದು ಕಣ್ಣೊರೆಸಿಕೊಂಡರು. "ಮೋರಿ ಗೀರಿ ಏನೂ ಬೇಡ. ದಿನಾ ಇದನ್ನೇ ಮಾಡಿ."

"ಹಂಗಾದ್ರೆ ನಾನು ಸಾಯಲ್ವಾ?" ಎಂದರು ಶಿವನಂಜಪ್ಪನವರು.

"ಎಲ್ಲರೂ ಸಾಯುತ್ತಾರೆ. ನೀವು ಸಾಯೋದಕ್ಕೆ ಸದ್ಯಕ್ಕೆ ನನಗೇನೂ ಕಾರಣ ಕಾಣೋದಿಲ್ಲ."

ಬಸ್ಸಿನಲ್ಲಿ ಅವರು ಆಗಾಗ ತಮ್ಮ ಹೊಟ್ಟೆಯನ್ನು ತಾವೇ ಮುಟ್ಟಿ ನೋಡಿಕೊಳ್ಳುತ್ತಿದ್ದುದನ್ನು ಸರೋಜಮ್ಮ ಓರೆಗಣ್ಣಿನಲ್ಲಿ ಕಂಡಳು. ಕಾಟ್ಟಿಕುಳಂನಲ್ಲಿ ಇಳಿದವರೇ ನೇರ ಚಹಾದಂಗಡಿಯ ಮುಂದೆ ಹೋಗಿ ನಿಂತರು. ಮಾಧವನ್ ಅಭ್ಯಾಸದಂತೆ ಒಲೆಯ ಕಡೆ ತಿರುಗಿದ.

"ಲೋ ಮಾಧವಾ, ಬೆನ್ನು ಯಾಕೋ ತೋರಿಸ್ತೀಯಾ? ಕೇಳೋ!"

ಮಾಧವನ್ ಹೆದರಿ ಸರೋಜಮ್ಮನನ್ನು ನೋಡಿದ. ಆಕೆ ತಲೆಯಾಡಿಸಿದಳು. ಐದು ದಿನ ಹೊಟ್ಟೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು ಆ ಬಡಪಾಯಿಯ ಬಾಯಿಂದ ಬಾಂಬಿನಂತೆ ಸಿಡಿಯಿತು. "ಮುದಲಾಳೀ, ಎವಿಡೇಕ್ಕಾ?" ಅವನ ಹಿಂದೆಯೇ ಬೆಂಚಿನ ಮೇಲಿದ್ದವರೂ ಕೂಗಿದರು, ಬಸ್ ಸ್ಟಾಪಿನವರೂ ಕೂಗಿದರು, ಏನೆಂದು ತಿಳಿಯದ ಇಬ್ಬರು ಪರವೂರಿನವರೂ ಕೂಗಿದರು. ಶಿವನಂಜಪ್ಪನವರು ಗಂಭೀರವಾಗಿ ತಿರುಗಿ ಮೆಟ್ಟಿಲು ಹತ್ತಿದರು. ನೀರು ಕೊಡಲು ಸರೋಜಮ್ಮ ಹಿಂದೆಯೇ ಓಡಬೇಕಾಯಿತು. ಏದುಸಿರು ಬಂದದ್ದು ಆಕೆಗೆ.

ಅಲ್ಲಿಂದ ಮುಂದೆ ಮಳೆಗಾಲದಲ್ಲೂ ಕೊಡೆ ಹಿಡಿದು ಈ ಹತ್ತುವುದು ಇಳಿಯುವುದು ನಡೆಯಿತು. ನಂಬಿಕೆ ಯಾವುದು, ವ್ಯಾಯಾಮ ಯಾವುದು ಎಂದು ಯಾರೂ ಬೇರೆ ಮಾಡಿ ನೋಡಲಿಲ್ಲ. ಆದರೂ ಆಶ್ವಯುಜ ಕಳೆದು ಕಾರ್ತಿಕ ಹುಟ್ಟುತ್ತಲೇ ಸರೋಜಮ್ಮನ ಹಳೆಯ ಭಯ ಮತ್ತೆ ಎದ್ದು ಕೂತಿತು. ದೇವಯ್ಯ ಭಾವನವರೂ ಇಷ್ಟು ಹತ್ತಿರ ಬಂದವರೇ. ಆಕೆ ದಿನ ಎಣಿಸಿದಳು. ಹತ್ತು ಉಳಿಯಿತು, ಐದು ಉಳಿಯಿತು, ಒಂದು ಉಳಿಯಿತು.

ಗಂಡನಿಗೆ ಅರವತ್ತು ತುಂಬುವ ಆ ಎರಡನೇ ಸೋಮವಾರ ಬಂತು. ಅವತ್ತೇ ಬಂದ್. ಏತಕ್ಕೆ ಎಂದು ಸರೋಜಮ್ಮನಿಗೆ ಗೊತ್ತಿಲ್ಲ. ಕೇರಳದಲ್ಲಿ ಬಂದ್‌ಗೆ ಕಾರಣ ಕೇಳಿ ಕೂತವರಿಲ್ಲ. ಪಾಯಸಕ್ಕೆ ಶ್ಯಾವಿಗೆ ಹುರಿದಿಟ್ಟು ಜಗಲಿಗೆ ಬಂದರೆ ಗಂಡ ಆಗಲೇ ಕೆಳಗಿಳಿದಿದ್ದರು. ದಟ್ಟ ಮಂಜು. ಮಾಧವನ್‌ನ ಅಂಗಡಿ ಮುಚ್ಚಿದೆ. ಕುಞ್ಞಮ್ಮ ಇಲ್ಲ. ಬಸ್ಸಿಲ್ಲ, ಕಂಡಕ್ಟರಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ಶಿವನಂಜಪ್ಪನವರು ಮೆಟ್ಟಿಲ ಬುಡದಲ್ಲಿ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಯಾರಾದರೂ ಕೇಳಲಿ ಎಂದು ಸ್ವಲ್ಪ ಹೊತ್ತು ಕಾದರು. ಯಾರೂ ಕೇಳಲಿಲ್ಲ. ಕೊನೆಗೆ ಪಂಚೆ ಎತ್ತಿ ಕಟ್ಟಿ, ಬರಿದಾದ ರಸ್ತೆಯಲ್ಲಿ ಒಬ್ಬರೇ ಮಂಜಿನೊಳಕ್ಕೆ ಹೆಜ್ಜೆ ಹಾಕಿದರು.

ಬಿಳಿ ಅಂಗಿ ಮಂಜಿನಲ್ಲಿ ಕರಗುತ್ತಿರುವುದನ್ನು ಕಂಡು ಸರೋಜಮ್ಮ ಜಗಲಿಯ ಅಂಚಿಗೆ ಬಂದಳು. ಮದುವೆಯಾಗಿ ಮೂವತ್ತಾರು ವರ್ಷವಾಗಿತ್ತು. ಈ ಮನುಷ್ಯ ಸಂತೆಗೆ ಹೋಗಲಿ, ಮೈಸೂರಿಗೆ ಹೋಗಲಿ, ಅಣ್ಣನ ಹೆಣ ತರಲು ಹೋಗಲಿ, ಆಕೆ ಒಮ್ಮೆಯೂ ಕೇಳಿದವಳಲ್ಲ. ಕಟ್ಟಿಕೊಂಡ ಹೆಂಡತಿ ಕೇಳುವುದೆಂದರೆ ಅದಕ್ಕಿಂತ ಅಪಶಕುನವಿಲ್ಲ. ಇವತ್ತು ಕೇಳಲು ಇನ್ನಾರೂ ಇರಲಿಲ್ಲ.

"ಏನ್ರೀ!" ಎಂದು ಕೂಗಿದಳು. "ಎಲ್ಗೆ ಹೊಂಟ್ರಿ?"

ಕೂಗಿದ ಮೇಲೆ ಜಗಲಿಯ ಕಂಬ ಹಿಡಿದುಕೊಂಡಳು. ಕೆಳಗೆ ಹೆಜ್ಜೆ ನಿಂತಿತು. ಮಂಜಿನಲ್ಲಿ ಮುಖ ಕಾಣುತ್ತಿರಲಿಲ್ಲ. ಸಿಟ್ಟೋ ಏನೋ ಎಂದು ಆಕೆ ಬಗ್ಗಿ ನೋಡಿದಳು. ಅಷ್ಟು ವರ್ಷದಲ್ಲಿ ಆ ಮಾತಿಗೆ ಉತ್ತರ ಕೊಡದ ಶಿವನಂಜಪ್ಪನವರು ಅವತ್ತು ಗಂಟಲು ತೆರೆದು ಉತ್ತರ ಕೊಟ್ಟರು.

"ಅರವತ್ತೊಂದಕ್ಕೆ ಕಣಮ್ಮೀ!"

ಹೇಳಿ, ತಿರುಗಿ, ಮೂವತ್ತೆಂಟು ಮೆಟ್ಟಿಲನ್ನೂ ಎಲ್ಲೂ ನಿಲ್ಲದೆ ಹತ್ತಿ ಬಂದು ಜಗಲಿಯಲ್ಲಿ ಕೂತರು. ಸರೋಜಮ್ಮನ ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಚೊಂಬು ಕೈಗೆ ಕೊಟ್ಟಳು. ಅವರು ಒಂದು ಗುಟುಕು ಕುಡಿದು, "ಒಂದಾಯ್ತು. ಇವತ್ತು ಊರಲ್ಲಿ ಬೇರೆ ಯಾರೂ ಇಲ್ಲ. ಇನ್ನು ಆರು ಸಲ ನೀನೇ ಕೇಳ್ಬೇಕು" ಎಂದು ಎದ್ದರು.

ಸರೋಜಮ್ಮ ಕೇಳಿದಳು. ಏಳನೇ ಸಲ ಕೇಳುವಾಗ ಆಕೆಯ ದನಿ ನಡುಗಲಿಲ್ಲ.